ಹಣ ಬಂದ ದಿನದ ಸಂಯಮ



ಹೋದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ತರುಣರೊಬ್ಬರು ನಮ್ಮ ಬಳಿಗೆ ಬಂದು ನಿಂತರು. ಓದಿಕೊಂಡವರು, ಊರಲ್ಲಿಯೇ ಒಕ್ಕಲುತನ ಮಾಡಿಕೊಂಡಿರುವವರು. "ಅಜ್ಜಾರ, ಸಾಲ ಮಾಡಬ್ಯಾಡ್ರಿ, ನಾಕು ದುಡ್ಡು ಉಳಸ್ರಿ ಅಂತ ನೀವು ಹೇಳತೀರಿ. ಶರಣರು ನೋಡಿದ್ರ ನಾಳೆಗಿರಲಿ ಅಂತ ಕೂಡಿ ಹಾಕಬಾರದು ಅಂದಾರ. ನಾವು ಯಾವ ಮಾತು ಹಿಡೀಬೇಕ್ರಿ?" ಎಂದು ಕೇಳಿದರು. ಪ್ರಶ್ನೆ ಒಳ್ಳೆಯದು, ಕೇಳಿದ ಧೈರ್ಯವೂ ಒಳ್ಳೆಯದು. ಆ ಹೊತ್ತಿಗೆ ನಾವು ಏನೋ ಎರಡು ಮಾತು ಹೇಳಿ ಕಳಿಸಿದೆವು. ಆದರೆ ಆ ಉತ್ತರ ನಮಗೇ ಸಮಾಧಾನ ಕೊಡಲಿಲ್ಲ. ಒಂದು ತಿಂಗಳು ಅದು ತಲೆಯಲ್ಲಿ ಕುಳಿತಿತ್ತು. ಇಂದು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತಿದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯಲ್ಲಿಯೇ ಅಡಿಗೆ, ಅದರಲ್ಲಿಯೇ ದಾಸೋಹ. ಒಂದು ದಿನ ಮಾರಯ್ಯನವರು ದಿನದ ಅಳತೆಗಿಂತ ಹೆಚ್ಚು ಅಕ್ಕಿ ಕಟ್ಟಿಕೊಂಡು ಬಂದರು. ಲಕ್ಕಮ್ಮನವರು ಗಂಟನ್ನು ನೋಡಿದರು. ಇಷ್ಟು ನಮಗೇಕೆ, ಇದು ಆಸೆಯಿಂದ ಬಂದದ್ದು, ತಂದ ಕಡೆಗೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು.

ಈ ಕಥೆಯನ್ನು ನಾವು ಎಷ್ಟೋ ಸಲ ಹೇಳಿದ್ದೇವೆ, ನೀವು ಕೇಳಿದ್ದೀರಿ. ಆಕೆ ಎಷ್ಟು ನಿರಾಶೆಯುಳ್ಳವರು ಎಂದು ಮೆಚ್ಚಿಕೊಂಡು ಮನೆಗೆ ಹೋಗುತ್ತೇವೆ. ಆದರೆ ಆ ತರುಣರು ಪ್ರಶ್ನೆ ಕೇಳಿದ ಮೇಲೆ ನಮಗೆ ಕಂಡದ್ದು ಬೇರೊಂದು ಸಂಗತಿ. ಲಕ್ಕಮ್ಮನವರು ತಡೆದದ್ದು ಯಾವಾಗ? ಅಕ್ಕಿ ಮನೆಗೆ ಬಂದ ಗಳಿಗೆಯಲ್ಲಿ. ಗಂಟು ಒಳಗೆ ಹೋಗಿ, ಮಡಕೆಗೆ ಬಿದ್ದು, ಎಂಟು ದಿನ ಕಣ್ಣೆದುರಿಗೆ ಇದ್ದಿದ್ದರೆ? ಆಗ ಹಿಂದಕ್ಕೆ ಕೊಡುವುದು ಲಕ್ಕಮ್ಮನವರಿಗೆ ಸಾಧ್ಯವಾಗುತ್ತಿತ್ತೇನೋ. ನಮ್ಮ ನಿಮ್ಮಂಥವರಿಗೆ ಆಗುವ ಮಾತಲ್ಲ. ಬಂದ ವಸ್ತು ಒಳಗೆ ಹೋಗಿ ಕುಳಿತ ಮೇಲೆ ಅದಕ್ಕೆ ನೂರು ಕೆಲಸ ಹುಟ್ಟಿಕೊಳ್ಳುತ್ತವೆ.

ಇನ್ನು ತರುಣರ ಸಂದೇಹದ ಮಾತು. ಮಾರಯ್ಯನವರ ಗಳಿಕೆ ದಿನದ ಗಳಿಕೆ. ಇಂದಿನದು ಇಂದಿಗೆ, ನಾಳಿನದು ನಾಳೆಗೆ. ಒಕ್ಕಲಿಗನ ಗಳಿಕೆ ಹಾಗಲ್ಲ. ಅವನಿಗೆ ವರ್ಷಕ್ಕೆ ಒಂದು ಸಲ, ಬಹಳವಾದರೆ ಎರಡು ಸಲ ಹಣ ಬರುತ್ತದೆ. ಮುಂಗಾರಿನ ಹೆಸರು ಮಾರಿದಾಗ ಒಂದಿಷ್ಟು, ಹಿಂಗಾರಿ ಜೋಳ, ಕಡಲೆ ಮಾರಿದಾಗ ಇನ್ನಿಷ್ಟು. ಆ ಹಣದಲ್ಲಿ ಮುಂದಿನ ಬಿತ್ತನೆಯ ಬೀಜ ಇದೆ, ಗೊಬ್ಬರ ಇದೆ, ಹನ್ನೆರಡು ತಿಂಗಳ ಊಟ ಇದೆ, ಮಕ್ಕಳ ಫೀ ಇದೆ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿ ಇಡುವುದು ಕೂಡಿ ಹಾಕುವುದಲ್ಲ; ಅದು ಅವನ ಕಾಯಕದ ಒಂದು ಭಾಗ. ಬಿತ್ತುವ ಬೀಜವನ್ನು ಕುಟ್ಟಿ ಉಂಡವನನ್ನು ಯಾವ ಶರಣರೂ ನಿರಾಶೆಯುಳ್ಳವನೆಂದು ಕರೆಯಲಾರರು. ಯಾವ ಕೆಲಸಕ್ಕೆಂದು ತಿಳಿಯದೆ, ಎಷ್ಟು ಸಾಕೆಂಬ ಅಳತೆಯಿಲ್ಲದೆ ಗುಡ್ಡೆ ಹಾಕುವುದು ಬೇರೆ ರೋಗ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ಕೇಳಿದರೆ ಎಲ್ಲ ಸಲವೂ ತೋರಿಸಿಕೊಡಲು ನಮ್ಮಿಂದಲೂ ಆಗುವುದಿಲ್ಲ. ಆದರೆ ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಆ ಗೆರೆಯ ಹತ್ತಿರಕ್ಕೂ ಹೋಗಿಲ್ಲ. ಅವರ ಸಂಕಟ ಇರುವುದು ಉಳಿಯದೆ ಇರುವುದರಲ್ಲಿ.

ಒಂದು ಲೆಕ್ಕ ಮಾಡೋಣ. ಒಬ್ಬರಿಗೆ ಒಂದು ವರ್ಷದ ಮಾಲು ಮಾರಿ 2,40,000 ರೂಪಾಯಿ ಕೈಗೆ ಬಂದಿತೆನ್ನಿ. ಮುಂದಿನ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ ಎಂದು 60,000 ತೆಗೆದಿಟ್ಟರೆ ಉಳಿಯುವುದು 1,80,000. ಅದನ್ನು ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 15,000. ಅಂದರೆ ಆತ ತಿಂಗಳಿಗೆ ಹದಿನೈದು ಸಾವಿರ ಸಂಬಳದ ಮನುಷ್ಯ. ಆದರೆ ಎ.ಪಿ.ಎಂ.ಸಿ.ಯಿಂದ ಹಣ ತಂದ ಆ ವಾರದಲ್ಲಿ ಅವನಿಗೆ ತಾನು ಎರಡೂವರೆ ಲಕ್ಷದ ಸಾಹುಕಾರ ಎನಿಸುತ್ತದೆ. ಊರಿನ ದೊಡ್ಡ ದೊಡ್ಡ ಖರ್ಚುಗಳೆಲ್ಲ ಸುಗ್ಗಿಯ ಬೆನ್ನಿಗೇ ಯಾಕೆ ಬರುತ್ತವೆ ಎಂದು ವಿಚಾರ ಮಾಡಿ ನೋಡಿ. ಮೋಟಾರ್ ಸೈಕಲ್ ಕೊಳ್ಳುವುದು ಆಗಲೇ, ದೊಡ್ಡ ಟಿ.ವಿ. ಬರುವುದು ಆಗಲೇ. ಆಷಾಢ ಬರುವ ಹೊತ್ತಿಗೆ ಅದೇ ಮನುಷ್ಯ ಬೀಜದ ಅಂಗಡಿಯ ಮುಂದೆ ಉದ್ದರಿ ಕೇಳುತ್ತ ನಿಂತಿರುತ್ತಾನೆ. ತಿಂಗಳ ಸಂಬಳದವರು ಇದನ್ನು ಕೇಳಿ ನಗಬೇಕಾಗಿಲ್ಲ. ಅವರ ಸುಗ್ಗಿ ಒಂದನೆಯ ತಾರೀಖಿಗೆ, ಆಷಾಢ ಇಪ್ಪತ್ತನೆಯ ತಾರೀಖಿಗೆ, ಅಷ್ಟೇ ವ್ಯತ್ಯಾಸ.

ನಮ್ಮ ಹಿರಿಯರಿಗೆ ಈ ಮನಸ್ಸಿನ ಗುಣ ಚೆನ್ನಾಗಿ ಗೊತ್ತಿತ್ತು. ಇಲ್ಲಿರುವ ವಯಸ್ಸಾದವರು ಹಗೇವು ನೋಡಿದ್ದೀರಿ. ಮಕ್ಕಳಿಗಾಗಿ ಹೇಳುತ್ತೇವೆ. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಮಡಕೆಯ ಹೊಟ್ಟೆಯಂತೆ ಅಗಲ. ಕೆಳಗೂ ಸುತ್ತಲೂ ಒಣ ಹುಲ್ಲು ಕಟ್ಟಿ, ಸುಗ್ಗಿ ಆದೊಡನೆ ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಮೇಲೆ ಚಪ್ಪಡಿ ಮುಚ್ಚಿ, ಅದರ ಮೇಲೆ ಮಣ್ಣು ಎಳೆದು ಬಿಡುತ್ತಿದ್ದರು. ಗಾಳಿ ಆಡದ್ದರಿಂದ ಹುಳ ಹಿಡಿಯುತ್ತಿರಲಿಲ್ಲ. ವರ್ಷಗಟ್ಟಲೆ ಜೋಳ ಕೆಡದೆ ಇರುತ್ತಿತ್ತು. ಒಂದಿಷ್ಟು ಮುಗ್ಗು ವಾಸನೆ ಬರುತ್ತಿತ್ತು, ಅದು ಬೇರೆ ಮಾತು.

ಆ ಹಗೇವನ್ನು ತೆಗೆಯುವುದು ಎಂಥ ಕೆಲಸ! ಮಣ್ಣು ತೋಡಬೇಕು, ಚಪ್ಪಡಿ ಎತ್ತಲು ನಾಲ್ಕು ಆಳು ಬೇಕು. ಎತ್ತಿದ ತಕ್ಷಣ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅವಸರ ಮಾಡಿ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ಅದು ಆರದೆ ಉರಿಯುವುದೋ ಎಂದು ನೋಡಿ, ಆಮೇಲೆ ಇಳಿಯುತ್ತಿದ್ದರು. ಅಲ್ಲಿಯವರೆಗೆ ಓಣಿಯ ಮಂದಿಗೆಲ್ಲ ಇವರು ಹಗೇವು ತೆಗೆದರು ಎಂಬ ಸುದ್ದಿ ಮುಟ್ಟಿರುತ್ತಿತ್ತು. ಹೀಗಾಗಿ ಯಾರೂ ಬಾಯಿ ಚಪಲಕ್ಕೆ, ಮನಸ್ಸಿನ ಚಪಲಕ್ಕೆ ಹಗೇವು ತೆಗೆಯುತ್ತಿರಲಿಲ್ಲ. ಮಳೆ ಕೈಕೊಟ್ಟಾಗ ತೆಗೆಯುತ್ತಿದ್ದರು. 1876ರಿಂದ 1878ರವರೆಗೆ ಈ ಸೀಮೆಯ ಮೇಲೆ ಬಿದ್ದ ಬರದ ಕಥೆಯನ್ನು ನಮ್ಮ ಬಾಲ್ಯದಲ್ಲಿಯೂ ಹಿರಿಯರು ಹೇಳುತ್ತಿದ್ದರು. ಒಂದು ಬರಕ್ಕೂ ಇನ್ನೊಂದು ಬರಕ್ಕೂ ನಡುವೆ ಮನೆಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಆ ನೆಲದೊಳಗಿನ ಜೋಳ.

ಆ ಹಿರಿಯರು ನಮಗಿಂತ ದೊಡ್ಡ ಇಂದ್ರಿಯನಿಗ್ರಹಿಗಳಾಗಿದ್ದರೇ? ನಮಗೇನೋ ಹಾಗೆನಿಸುವುದಿಲ್ಲ. ಅವರಿಗೂ ನಾಲಿಗೆ ಇತ್ತು, ಅವರಿಗೂ ಜಂಬ ಇತ್ತು. ಆದರೆ ಅವರು ದಿನದಿನವೂ ಮನಸ್ಸಿನ ಸಂಗಡ ಗುದ್ದಾಡಲು ಹೋಗಲಿಲ್ಲ. ಕೈಯಲ್ಲಿ ಮಾಲು ಇದ್ದ ದಿನ, ಮನಸ್ಸು ತಿಳಿಯಾಗಿದ್ದ ದಿನ, ಒಂದೇ ಸಲ ಚಪ್ಪಡಿ ಎಳೆದುಬಿಟ್ಟರು. ಆಮೇಲೆ ಆ ಕಲ್ಲೇ ಅವರ ಸಂಯಮವನ್ನು ಕಾಯಿತು. ಅಂಗಡಿಯಲ್ಲಿ ನಿಂತು, ಕಣ್ಣೆದುರಿಗೆ ಸೀರೆ ಬಿಚ್ಚಿ ಹರಡಿದ ಮೇಲೆ, ಬೇಡ ಎನ್ನುವುದು ಕಷ್ಟ. ಮನೆಯಿಂದ ಹೊರಡುವಾಗಲೇ ಇಷ್ಟು ಎಂದು ಕಟ್ಟಿಕೊಂಡು ಹೊರಡುವುದು ಅಷ್ಟು ಕಷ್ಟವಲ್ಲ.

ಇಷ್ಟೆಲ್ಲ ನಿಮಗೆ ಹೇಳುವ ನಾವು ತಪ್ಪಿಲ್ಲದವರೆಂದು ತಿಳಿಯಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಜಾತ್ರೆಗೆ ದೀಪಾಲಂಕಾರ, ಮದ್ದು ಸುಡುವುದು, ದೊಡ್ಡ ಪೆಂಡಾಲು ಎಂದು ಸೇರಿ, ಬಂದ ಕಾಣಿಕೆಗಿಂತ ಖರ್ಚು ಮೇಲಾಯಿತು. ನೆರೆಯ ಮಠದ ಜಾತ್ರೆ ಅದಕ್ಕೆ ಮೊದಲಿನ ತಿಂಗಳು ಬಹಳ ವಿಜೃಂಭಣೆಯಿಂದ ಆಗಿತ್ತು. ನಮ್ಮದೇನು ಕಡಿಮೆ ಎಂದು ಭಕ್ತರು ಅಂದರು, ನಾವು ಸುಮ್ಮನಿದ್ದೆವು. ಸುಮ್ಮನಿದ್ದುದರ ಅರ್ಥ ನಮಗೂ ಅದು ಬೇಕಾಗಿತ್ತು ಎಂದು. ಕೊರತೆ ಬಿದ್ದ ಹಣವನ್ನು ಸಾಲವಾಗಿ ತಂದರು. ಮುಂದೆ ಎರಡು ವರ್ಷ ಆ ಬಡ್ಡಿ ಹೋದದ್ದು ಎಲ್ಲಿಂದ? ನಮ್ಮ ಉಚಿತ ಪ್ರಸಾದ ನಿಲಯದ ಮಕ್ಕಳ ಮಜ್ಜಿಗೆಯಿಂದ. ಒಬ್ಬ ಹುಡುಗ, ಆರನೆಯ ತರಗತಿಯವನು, "ಅಜ್ಜಾರ, ಮಜ್ಜಿಗಿ ಯಾಕ ಬಂದ್ ಆತ್ರಿ?" ಎಂದು ಕೇಳಿದ. ಅರ್ಧ ಗಂಟೆಯ ಮದ್ದಿಗೆ ನಿನ್ನ ಮಜ್ಜಿಗೆ ಸುಟ್ಟಿದ್ದೇವೆ ಎಂದು ಆ ಹುಡುಗನಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ಆ ವರ್ಷದಿಂದ ಜಾತ್ರೆಯ ಖರ್ಚಿನ ಮಿತಿಯನ್ನು ಆರು ತಿಂಗಳು ಮೊದಲೇ, ಪಟ್ಟಿ ಎತ್ತುವುದಕ್ಕಿಂತ ಮುಂಚೆಯೇ, ಬರೆದು ಮಠದ ಗೋಡೆಗೆ ಹಚ್ಚುತ್ತಿದ್ದೇವೆ. ನೀವು ನೋಡಿದ್ದೀರಿ.

ಈಗ ನಿಮ್ಮ ಮದುವೆಗಳ ಮಾತು. ಚಹಾ ಬಿಡಿ, ಎಲೆ ಅಡಿಕೆ ಬಿಡಿ ಎಂದು ಹೇಳಿ ನಿಮ್ಮನ್ನು ಪೀಡಿಸಲು ನಮಗೆ ಮನಸ್ಸಿಲ್ಲ. ಗುಟ್ಕಾ, ಕುಡಿತ, ಮೊಬೈಲಿನ ಜೂಜು ಇವುಗಳನ್ನು ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ಯಾವುದೂ ಇಲ್ಲದ, ಬೆವರು ಸುರಿಸಿ ದುಡಿಯುವ, ಮಠಕ್ಕೆ ತಪ್ಪದೆ ಬರುವ ಮನೆತನಗಳು ಒಂದೇ ಮದುವೆಯಲ್ಲಿ ಕೆಟ್ಟದ್ದನ್ನು ನಾವು ಕಂಡಿದ್ದೇವೆ.

ಒಬ್ಬ ಭಕ್ತರು. ನಾಲ್ಕು ಎಕರೆ ಎರೆ ಹೊಲ, ಇಬ್ಬರು ಹೆಣ್ಣುಮಕ್ಕಳು. ಹಿರಿಯಳ ಲಗ್ನಪತ್ರಿಕೆ ತೆಗೆದುಕೊಂಡು ಬಂದಾಗ ಒಂದು ಎಕರೆ ಮಾರಿದ್ದೇನೆ ಎಂದರು. ನಾವು ಯಾಕಪ್ಪಾ ಎಂದೆವು. "ಹೋದ್ರ ಹೋಗಲಿ ಬಿಡ್ರಿ ಅಜ್ಜಾರ. ಹಿರೇ ಮಗಳ ಲಗ್ನ. ಮಂದಿಯೊಳಗ ತಲಿ ಎತ್ತಿ ನಡೀಬೇಕಲ್ರಿ" ಎಂದರು. ಎಕರೆ ಮಾರಿದ ಹಣ ಸಾಲದೆ, ಮೇಲೆ ಮೂರು ಲಕ್ಷ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತೆಗೆದರು. ನೂರಕ್ಕೆ ಮೂರು ಎಂದಾಗ ಸಣ್ಣದೆಂದು ಕಾಣುತ್ತದೆ. ಮೂರು ಲಕ್ಷಕ್ಕೆ ಅದು ತಿಂಗಳಿಗೆ 9,000 ರೂಪಾಯಿ. ವರ್ಷಕ್ಕೆ 1,08,000. ಮೂರು ವರ್ಷಕ್ಕೆ 3,24,000. ತಂದದ್ದಕ್ಕಿಂತ ಹೆಚ್ಚು ಕೊಟ್ಟಾಯಿತು, ಅಸಲು ಮಾತ್ರ ಹಾಗೆಯೇ ನಿಂತಿದೆ! ಈಗ ತಾನೇ ಹೇಳಿದ ತಿಂಗಳಿಗೆ ಹದಿನೈದು ಸಾವಿರದ ಮನುಷ್ಯನಿಗೆ ಹೋಲಿಸಿ ನೋಡಿ. ಅದರಲ್ಲಿ ಒಂಬತ್ತು ಸಾವಿರ ಬಡ್ಡಿಗೆ ಹೋದರೆ ಒಲೆಗೆ ಉಳಿಯುವುದೆಷ್ಟು? ಆ ಭಕ್ತರು ಇಂದು ಮಾರಿದ ತಮ್ಮದೇ ಎಕರೆಯಲ್ಲಿ ಕೂಲಿಗೆ ಹೋಗುತ್ತಾರೆ. ಮದುವೆಯಲ್ಲಿ ಉಂಡ ಮಂದಿಗೆ ಅಂದಿನ ಐದು ಬಗೆಯ ಸಿಹಿ ನೆನಪಿಲ್ಲ. ಒಬ್ಬರು ನಮ್ಮ ಮುಂದೆಯೇ, ಅನ್ನ ಸ್ವಲ್ಪ ಬಿರುಸಾಗಿತ್ತು ಎಂದರು.

ಇದೇ ಬಡ್ಡಿ ನಮ್ಮ ಕಡೆಗೆ ತಿರುಗಿದರೆ ಏನಾಗುತ್ತದೆ ಎಂಬುದನ್ನೂ ನೋಡಿ. ಹೆಣ್ಣುಮಗು ಹುಟ್ಟಿದ ವರ್ಷದಿಂದ ತಿಂಗಳಿಗೆ ಒಂದು ಸಾವಿರ ರೂಪಾಯಿಯಂತೆ ಹದಿನೆಂಟು ವರ್ಷ ಇಟ್ಟರೆ, ಇಟ್ಟ ಹಣ 2,16,000. ವರ್ಷಕ್ಕೆ ನೂರಕ್ಕೆ ಏಳರ ಬಡ್ಡಿ ಸಿಕ್ಕು, ಬಡ್ಡಿಗೂ ಬಡ್ಡಿ ಸೇರುತ್ತ ಹೋದರೆ ಅದು ಸುಮಾರು 4,30,000 ಆಗುತ್ತದೆ. ಅರ್ಧ ನೀವು ಇಟ್ಟದ್ದು, ಅರ್ಧ ಕಾಲ ಇಟ್ಟದ್ದು. ಅದು ಆ ಹುಡುಗಿಯ ಓದಿಗಾದರೆ ಇನ್ನೂ ಸಂತೋಷ.

ಆ ಭಕ್ತರ ಒಂದು ಮಾತನ್ನು ಮಾತ್ರ ನಾವು ಹಗುರಾಗಿ ತಳ್ಳಿಹಾಕಲಾರೆವು. ಮಂದಿ ಏನಂದಾರು ಎನ್ನುವ ಮಾತು. ಅದು ಬರಿಯ ಜಂಬವಲ್ಲ. ಹಳ್ಳಿಯಲ್ಲಿ ಮಂದಿಯ ಮಾತಿನ ಮೇಲೆ ಬದುಕು ನಿಂತಿದೆ. ನಾಳೆ ಎರಡನೆಯ ಮಗಳಿಗೆ ವರ ಸಿಗಬೇಕು, ಉದ್ದರಿ ಸಿಗಬೇಕು, ಕಷ್ಟಕ್ಕೆ ನಾಲ್ಕು ಜನ ಬರಬೇಕು. ಆದ್ದರಿಂದ ಒಬ್ಬರೇ ಒಬ್ಬರು ಧೈರ್ಯಮಾಡಿ ಸರಳ ಮದುವೆ ಮಾಡಿ ಎಂದು ಉಪದೇಶ ಮಾಡುವುದು ಸುಲಭ. ಆ ಒಬ್ಬರ ಮನೆಯ ಹೆಣ್ಣುಮಗಳೇ ಮಾತು ಕೇಳಬೇಕಾಗುತ್ತದೆ. ಇದಕ್ಕೆ ಉಪಾಯ ಹತ್ತು ಮನೆಯವರು ಕೂಡಿ ಮಾಡುವುದು. ಧರ್ಮಸ್ಥಳದಲ್ಲಿ 1972ರಲ್ಲಿ ಸಾಮೂಹಿಕ ವಿವಾಹ ಪ್ರಾರಂಭವಾಯಿತು. ನಾಡಿನ ಅನೇಕ ಮಠಗಳಲ್ಲಿಯೂ ಅವು ನಡೆಯುತ್ತ ಬಂದಿವೆ. ಬಡವರಿಗೆ ಉಚಿತವಾಗಿ ಮದುವೆ ಮಾಡಿಸುವುದಷ್ಟೇ ಅದರ ಉಪಯೋಗವೆಂದು ತಿಳಿದಿರುವುದರಿಂದ ಅನುಕೂಲಸ್ಥರು ಅದಕ್ಕೆ ಬರುವುದಿಲ್ಲ. ಅನುಕೂಲಸ್ಥರು ಬಾರದ್ದರಿಂದ ನಡುವಿನವರೂ ನಾಚುತ್ತಾರೆ. ಊರಿನ ಗೌಡರ ಮಗನೂ ಅದೇ ಹಂದರದಲ್ಲಿ ಕುಳಿತ ದಿನ ಈ ನಾಚಿಕೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಕೆಲವರು ನಮ್ಮ ಮುಖ ನೋಡುತ್ತಿದ್ದೀರಿ. ನಿಮಗೇ ಹೇಳಿದ್ದು.

ಮಂದಿಯ ಕಣ್ಣು ಖರ್ಚು ಮಾಡಿಸುವಂತೆ ಉಳಿತಾಯವನ್ನೂ ಮಾಡಿಸಬಲ್ಲದು ಎಂಬುದಕ್ಕೆ ನಮ್ಮ ತಾಯಂದಿರೇ ಸಾಕ್ಷಿ. ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಮೊದಲು ಮಾಡಿತು. ಹತ್ತರಿಂದ ಇಪ್ಪತ್ತು ಜನ ಹೆಣ್ಣುಮಕ್ಕಳು, ವಾರಕ್ಕೊಮ್ಮೆ ಕೂಡುವುದು, ಗೊತ್ತಾದ ಹಣವನ್ನು ಎಲ್ಲರೆದುರು ಹಾಕುವುದು, ವಹಿಯಲ್ಲಿ ಬರೆಯುವುದು. ಮನೆಯಲ್ಲಿ ಡಬ್ಬಿಯೊಳಗೆ ಇಟ್ಟಿದ್ದರೆ ಎಂಟು ದಿನ ನಿಲ್ಲದ ಹಣ ಅಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಕಾರಣ, ಹಾಕದೆ ಇದ್ದರೆ ಹತ್ತು ಜನ ಕೇಳುತ್ತಾರೆ. ತೆಗೆಯಬೇಕಾದರೆ ಹತ್ತು ಜನರಿಗೆ ಕಾರಣ ಹೇಳಬೇಕು. ಚಪ್ಪಡಿ ಎತ್ತಲು ನಾಲ್ಕು ಆಳು ಬೇಕಾದಂತೆಯೇ ಇದು. 2023ರ ಆಗಸ್ಟ್ ತಿಂಗಳಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಐದುನೂರನ್ನು ಬಂದ ದಿನವೇ ಗುಂಪಿಗೆ ಕಟ್ಟುವ ತಾಯಂದಿರು ನಮ್ಮ ಮಠದ ಓಣಿಯಲ್ಲಿಯೇ ಇದ್ದಾರೆ.

ಗದಗಿನ ಹತ್ತಿರದ ಕಣಗಿನಹಾಳದ ಹೆಸರನ್ನೂ ಇಲ್ಲಿ ನೆನೆಯಬೇಕು. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಸಣ್ಣ ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲಿಯೇ ಮೊದಲನೆಯದೆಂದು ಅದಕ್ಕೆ ಹೆಸರು. ಸಾಹುಕಾರನ ಬಡ್ಡಿಯಲ್ಲಿ ಹೊಲ ಹೋಗುತ್ತಿದ್ದ ಕಾಲದಲ್ಲಿ, ಒಬ್ಬೊಬ್ಬರಲ್ಲಿ ಇಲ್ಲದ ಶಕ್ತಿ ಎಲ್ಲರಲ್ಲಿ ಕೂಡಿ ಇದೆ ಎಂದು ತೋರಿಸಿದರು. ನೂರಿಪ್ಪತ್ತು ವರ್ಷಗಳಾದವು. ಕಿರುಸಾಲದ ವಸೂಲಿಗೆ ಬರುವವರ ಕಿರುಕುಳ ತಾಳಲಾರದೆ ಜನ ಊರು ಬಿಡುವಂತಾಗಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಾನೂನು ಬಾಗಿಲಿಗೆ ಬರುವ ಪುಂಡನನ್ನು ತಡೆದೀತು. ಸೀಮಂತದ ಊಟಕ್ಕೆಂದು ತಂದ ಸಾಲವನ್ನು ಯಾವ ಕಾನೂನು ಕಡಿಮೆ ಮಾಡುತ್ತದೆ?

ಕೆಲವು ವ್ಯವಹಾರದ ಮಾತು. ಮಠದಲ್ಲಿ ಇದೇಕೆ ಎನ್ನಬೇಡಿ.

ಹಣ ಬಂದ ದಿನ, ಇನ್ನೊಂದು ಖರ್ಚು ಆಗುವುದಕ್ಕೆ ಮೊದಲು, ಉಳಿಸುವ ಭಾಗ ಬೇರೆಯಾಗಲಿ. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇವೆ ಎನ್ನುವವರ ಮನೆಯಲ್ಲಿ ಉಳಿದದ್ದನ್ನು ನಾವು ಕಂಡಿಲ್ಲ. ಹತ್ತರಲ್ಲಿ ಒಂದು ಭಾಗ ಆಗದಿದ್ದರೆ ಇಪ್ಪತ್ತರಲ್ಲಿ ಒಂದು ಆಗಲಿ. ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ ನೂರು ರೂಪಾಯಿಯಿಂದ ಆರಂಭವಾಗುತ್ತದೆ, ಐದು ವರ್ಷದ್ದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯುವ ಯೋಜನೆ 2015ರಲ್ಲಿ ಬಂತು. ಹದಿನೈದು ವರ್ಷ ಕಟ್ಟುವುದು, ಖಾತೆ ತೆರೆದು ಇಪ್ಪತ್ತೊಂದು ವರ್ಷಕ್ಕೆ ಪಕ್ವವಾಗುವುದು. ನಡುವೆ ತೆಗೆಯಲು ಬರುವುದಿಲ್ಲವಲ್ಲ ಎಂದು ಕೆಲವರು ನಮ್ಮ ಮುಂದೆ ತಕರಾರು ಹೇಳಿದರು. ಓದಿಗೆಂದು ಹದಿನೆಂಟರ ಮೇಲೆ ಅರ್ಧದವರೆಗೆ ತೆಗೆಯಲು ಬರುತ್ತದೆ. ಉಳಿದಂತೆ ಸುಲಭವಾಗಿ ತೆಗೆಯಲು ಬಾರದಿರುವುದೇ ಅದರ ಗುಣ. ಅದು ಇಂದಿನ ಹಗೇವು.

ಹೆಚ್ಚು ಬಡ್ಡಿ ಕೊಡುತ್ತೇವೆಂದು ಹೇಳುವ ಎಲ್ಲ ಕಡೆಗೂ ಓಡಬೇಡಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿಯೂ ಸಹ, ಒಬ್ಬರ ಠೇವಣಿಗೆ ಐದು ಲಕ್ಷ ರೂಪಾಯಿಯವರೆಗೆ ವಿಮೆ ಇದೆ. 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಅಷ್ಟಕ್ಕೆ ಏರಿಸಿದರು. ಆದರೆ ಬ್ಯಾಂಕಲ್ಲದ ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಒಳ್ಳೆಯ ಸಂಘಗಳು ಬೇಕಾದಷ್ಟಿವೆ. ಆದರೂ ಕೇಳಿ, ಲೆಕ್ಕಪತ್ರ ನೋಡಿ, ಆಮೇಲೆ ಇಡಿ. ಸಂಘದ ಅಧ್ಯಕ್ಷರು ಮಠದ ಭಕ್ತರೆಂಬುದು ಹಣ ಇಡಲು ಸಾಕಾದ ಕಾರಣವಲ್ಲ.

ಮೊಬೈಲಿನಲ್ಲಿ ಹಣ ಕೊಡುವುದು ಬಂದ ಮೇಲೆ ಒಂದು ಅನುಕೂಲ, ಒಂದು ಅಪಾಯ. ನೋಟು ಎಣಿಸಿ ಕೊಡುವಾಗ ಕೈಗೆ ಸಂಕಟವಾಗುತ್ತಿತ್ತು. ಈಗ ಬೆರಳು ಮುಟ್ಟಿದರೆ ಹೋಯಿತು. ಮನೆಯ ಎಲ್ಲ ಹಣ ಇರುವ ಖಾತೆಯನ್ನು ಅದಕ್ಕೆ ಜೋಡಿಸಬೇಡಿ. ಬೇರೆ ಒಂದು ಸಣ್ಣ ಖಾತೆ ಮಾಡಿ, ವಾರಕ್ಕೆ ಇಷ್ಟು ಎಂದು ಅದರಲ್ಲಿ ಹಾಕಿಕೊಳ್ಳಿ. ತೀರಿತೋ, ಮುಂದಿನ ವಾರ. ನಮ್ಮ ಮಠದ ಕಾರಕೂನರು ಹಾಗೆಯೇ ಮಾಡುತ್ತಾರೆ. ಮೊದಲ ತಿಂಗಳು ಅವರ ಮುಖ ನೋಡುವಂತಿತ್ತು! (ಸಭೆಯಲ್ಲಿ ನಗು.) ಜೊತೆಗೆ ಅಜ್ಜನ ಕಾಲದ ಕಿರ್ದಿ ಬರೆಯುವುದನ್ನು ತಿರುಗಿ ಹಿಡಿಯಿರಿ. ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿ. ತಂದೆ ಸಂಜೆ ಎಲ್ಲಿ ಎಷ್ಟು ಖರ್ಚು ಮಾಡಿದ ಎಂದು ಮಗು ಕೇಳಿ ಬರೆಯುವಾಗ ಹೇಳಲು ನಾಚಿಕೆಯಾಗುವ ಖರ್ಚುಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಒಂದು ಮಾತನ್ನು ಗಂಡಸರಿಗೆ ಗಟ್ಟಿಯಾಗಿ ಹೇಳಬೇಕಾಗಿದೆ. ಮಿತವ್ಯಯ ಮಾಡೋಣವೆಂದು ಮನೆಯಲ್ಲಿ ಮಾತಾದಾಗ ಮೊದಲು ಕಡಿಮೆಯಾಗುವುದು ಯಾರದು? ಹೆಂಡತಿಯ ತಟ್ಟೆಯದು. ಹಾಲು ಅರ್ಧ ಲೀಟರ್ ಕಡಿಮೆಯಾದರೆ ಆಕೆಯ ಚಹಾ ಕರಿಯದಾಗುತ್ತದೆ. ಪಲ್ಯ ಕಡಿಮೆಯಾದರೆ ಕೊನೆಗೆ ಉಣ್ಣುವ ಆಕೆಗೆ ಬರಿಯ ರೊಟ್ಟಿ, ಖಾರ. ಯಜಮಾನನ ಗೆಳೆಯರ ಕೂಟ ಹಾಗೆಯೇ ನಡೆದಿರುತ್ತದೆ. ಇದಕ್ಕೆ ಸಂಯಮವೆಂದು ಹೆಸರಿಡಬೇಡಿ. ಬಸುರಿ ಬಾಣಂತಿಯ ಊಟ, ಮಕ್ಕಳ ಓದು, ರೋಗಿಯ ಔಷಧ ಇವುಗಳಲ್ಲಿ ಉಳಿಸಿದ ಹಣ ಉಳಿತಾಯವಲ್ಲ, ಅದು ಮುಂದೆ ಎರಡರಷ್ಟಾಗಿ ಹೊರಬೀಳುವ ಸಾಲ. ಬಾಗಿಲಿಗೆ ಬಂದವರಿಗೆ ಇಡುವ ತುತ್ತನ್ನೂ ಈ ಲೆಕ್ಕದಲ್ಲಿ ಸೇರಿಸಬೇಡಿ. ಲಕ್ಕಮ್ಮನವರು ಗಂಟನ್ನು ಹಿಂದಕ್ಕೆ ಕಳಿಸಿದ ಆ ದಿನವೂ ಮನೆಯ ದಾಸೋಹ ನಿಂತಿರಲಿಲ್ಲ.

ಎಕರೆ ಮಾರಿದ ಭಕ್ತರ ಮಾತು ಹೇಳಿದೆವಷ್ಟೆ. ಅವರ ಎರಡನೆಯ ಮಗಳಿಗೆ ಈಗ ಗೊತ್ತಾಗಿದೆ. ಮೊನ್ನೆ ಬಂದು ನಮ್ಮ ಮುಂದೆ ಕುಳಿತು, "ಈ ಸಲ ಮಠದಾಗ ಮಾಡತೀನ್ರಿ ಅಜ್ಜಾರ, ಹೊಲ ಮಾರಂಗಿಲ್ಲ. ಆದ್ರ ಬೀಗರು ಒಪ್ಪವಲ್ರು" ಎಂದರು. ಹುಡುಗನ ಕಡೆಯವರಿಗೆ ಕಲ್ಯಾಣ ಮಂಟಪವೇ ಆಗಬೇಕಂತೆ, ಐನೂರು ಜನ ಬರುತ್ತಾರಂತೆ. ಆ ಮನೆಯ ಹಿರಿಯರು ನಮ್ಮ ಮಾತು ಕೇಳುವವರೋ ಅಲ್ಲವೋ, ಹೋಗಿ ನೋಡಬೇಕು. ಬರುವ ಗುರುವಾರ ನಾವು ಆ ಊರಿಗೆ ಹೊರಟಿದ್ದೇವೆ. ನಮ್ಮೊಬ್ಬರ ಮಾತಿಗಿಂತ ಹತ್ತು ಜನ ಸಂಸಾರಸ್ಥರ ಮಾತಿಗೆ ತೂಕ ಹೆಚ್ಚು. ಅದರಲ್ಲಿಯೂ ಗಂಡುಮಕ್ಕಳ ಮದುವೆ ಮಾಡಲಿರುವವರು ಬಂದರೆ ಬಹಳ ಒಳ್ಳೆಯದು. ಬರುವವರು ಬೆಳಿಗ್ಗೆ ಏಳು ಗಂಟೆಗೆ ಮಠದ ಬಾಗಿಲಲ್ಲಿ ಇರಬೇಕು. ಊಟದ ಬುತ್ತಿಯನ್ನು ನಿಮ್ಮ ನಿಮ್ಮ ಮನೆಯಿಂದಲೇ ಕಟ್ಟಿಕೊಂಡು ಬನ್ನಿ, ಬೀಗರ ಮನೆಯಲ್ಲಿ ಖರ್ಚು ಮಾಡಿಸುವುದು ಬೇಡ.